ಕ್ಷಮಾದಾನ ಓದಿ ಹೇಳಿದ ಮೇಲೆ

ಕೊನೆಯ ದೃಶ್ಯದಿಂದಲೇ ಶುರು ಮಾಡುತ್ತೇನೆ. ಕಥೆಯ ಗುಟ್ಟು ಬಿಟ್ಟುಕೊಟ್ಟೆನೆಂದು ಮುನಿಸಿಕೊಳ್ಳುವವರು ಇಲ್ಲಿಗೇ ನಿಲ್ಲಿಸಿ, ‘ದ ರೌಂಡ್-ಅಪ್’ ಎಂಬ ಹಂಗೇರಿ ಸಿನಿಮಾ ನೋಡಿ ಬಂದು ಮುಂದೆ ಓದಬಹುದು. ಆದರೆ ಈ ಚಿತ್ರದಲ್ಲಿ ಅಂತ್ಯ ಮೊದಲೇ ಗೊತ್ತಿದ್ದರೆ ನೋಡುವವರ ಸಂಕಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಂಗೇರಿಯ ಹುಲ್ಲುಬಯಲು. ಸೈನ್ಯಕ್ಕೆ ಹೊಸದಾಗಿ ಸೇರಿಸಿಕೊಂಡ ಕೈದಿಗಳು ನಿಂತಿದ್ದಾರೆ. ಅವರೆಲ್ಲ ಒಂದು ಕಾಲದಲ್ಲಿ ರೋಜಾ ಶಾಂಡೋರ್ ಎಂಬ ಬಂಡುಕೋರನ ದಂಡಿನಲ್ಲಿದ್ದವರು. ಆ ಸಂಗತಿಯನ್ನು ಇಷ್ಟು ದಿನ ಬಾಯಿಬಿಡದೆ ಕಾಪಾಡಿಕೊಂಡು ಬಂದವರು. ಅಧಿಕಾರಿಯೊಬ್ಬ ಆಜ್ಞಾಪತ್ರ ಓದುತ್ತಾನೆ: ಚಕ್ರವರ್ತಿಗಳು ರೋಜಾ ಶಾಂಡೋರ್‌ಗೆ ಕ್ಷಮಾದಾನ ನೀಡಿದ್ದಾರೆ. ಶಿಸ್ತು ಮುರಿದು ಸಂಭ್ರಮ ಉಕ್ಕುತ್ತದೆ, ನಾಯಕನಿಗೆ ಜೈಕಾರ ಏಳುತ್ತದೆ. ಆಮೇಲೆ ಎರಡನೆಯ ವಾಕ್ಯ ಬರುತ್ತದೆ: ಅವನ ಜೊತೆಗಿದ್ದವರಿಗೆ ಮಾತ್ರ ತಕ್ಕ ಶಿಕ್ಷೆಯಾಗಲಿದೆ. ಯಾರು ಜೊತೆಗಿದ್ದರು ಎಂದು ಇನ್ನು ಯಾರನ್ನೂ ವಿಚಾರಿಸಬೇಕಿಲ್ಲ. ಅವರೇ ಈಗಷ್ಟೇ ಕೂಗಿ ಹೇಳಿದ್ದಾರೆ.

1966ರಲ್ಲಿ ತೆರೆಕಂಡ ಈ ಹಂಗೇರಿ ಚಿತ್ರದ ಹೆಸರು ‘ಸೆಗೇನ್‌ಲೆಗೇನ್ಯೆಕ್’. ಹೊರದೇಶಗಳಲ್ಲಿ ‘ದ ರೌಂಡ್-ಅಪ್’ ಎಂದೇ ಪರಿಚಿತ. ನಿರ್ದೇಶಕ ಮಿಕ್ಲೋಶ್ ಯಾಂಚೋ, ಚಿತ್ರಕಥೆ ದ್ಯುಲಾ ಹೆರ್ನಾದಿ, ಛಾಯಾಗ್ರಹಣ ತಮಾಶ್ ಶೋಮ್ಲೋ. ಕಪ್ಪು-ಬಿಳುಪು, ಅಗಲ ಪರದೆ, ಸುಮಾರು ಒಂದೂವರೆ ಗಂಟೆ. ಒಂದು ಕೋಟಿ ಜನಸಂಖ್ಯೆಯ ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದನ್ನು ನೋಡಿದರೆಂದು ಹೇಳುತ್ತಾರೆ. ಹಾಡಿಲ್ಲದ, ನಾಯಕನಿಲ್ಲದ, ಪ್ರೇಮಕಥೆಯಿಲ್ಲದ, ಯಾರ ಮನಸ್ಸಿನಲ್ಲಿ ಏನಿದೆ ಎಂಬುದನ್ನೇ ಹೇಳದ ಸಿನಿಮಾಕ್ಕೆ ಇಷ್ಟು ಜನ ಟಿಕೆಟ್ ಕೊಂಡರೆಂದರೆ ಅವರು ಅಲ್ಲಿ ಕಂಡದ್ದು ಹಳೆಯ ಚರಿತ್ರೆಯನ್ನಷ್ಟೇ ಆಗಿರಲಾರದು.

ಸೆರೆಮನೆಯ ಸಿನಿಮಾಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಕತ್ತಲೆ ಕೋಣೆ, ತೊಟ್ಟಿಕ್ಕುವ ನೀರು, ಕ್ರೂರ ಜೈಲರು, ಗೋಡೆ ಕೊರೆದು ಓಡಿಹೋಗುವ ಯೋಜನೆ. ಯಾಂಚೋ ಇದಾವುದನ್ನೂ ಮುಟ್ಟುವುದಿಲ್ಲ. ಅವನ ಸೆರೆಮನೆ ಉರಿಬಿಸಿಲಿನಲ್ಲಿದೆ. ಸುಣ್ಣ ಬಳಿದ ಬಿಳಿ ಗೋಡೆಗಳು, ಮರದ ಹಲಗೆಯ ಆವರಣ, ಅದರಾಚೆಗೆ ಕಣ್ಣು ಹೋದಷ್ಟು ದೂರ ಪುಸ್ತಾ ಎಂದು ಕರೆಯುವ ಸಮತಟ್ಟು ಬಯಲು. ಬೇಲಿ ಇಲ್ಲದಿದ್ದರೂ ನಡೆಯುತ್ತಿತ್ತೇನೋ, ಏಕೆಂದರೆ ಅಡಗಿಕೊಳ್ಳಲು ಒಂದು ಪೊದೆಯೂ ಅಲ್ಲಿಲ್ಲ. ಚಿತ್ರದ ಆರಂಭದಲ್ಲಿಯೇ ಒಬ್ಬನನ್ನು ಕರೆದು ವಿಚಾರಿಸಿ, ಇನ್ನು ನೀನು ಹೋಗಬಹುದು ಎನ್ನುತ್ತಾರೆ. ಅವನು ನಡೆಯತೊಡಗುತ್ತಾನೆ. ಅವಸರವಿಲ್ಲದೆ, ಆದರೆ ನಂಬಿಕೆಯೂ ಇಲ್ಲದೆ. ಬಯಲಿನಲ್ಲಿ ಅವನು ಚಿಕ್ಕವನಾಗುತ್ತಾ ಹೋಗುತ್ತಾನೆ, ಗುಂಡಿನ ಸದ್ದು ಕೇಳುತ್ತದೆ. ಕ್ಯಾಮೆರಾ ಅವನ ಹತ್ತಿರ ಹೋಗಿ ನೋಡುವುದಿಲ್ಲ. ಬಿಡುಗಡೆಯೂ ಮರಣದಂಡನೆಯೂ ಇಲ್ಲಿ ಒಂದೇ ಮಾತಿನಲ್ಲಿ ಮುಗಿಯುವ ಕೆಲಸವೆಂದು ಐದು ನಿಮಿಷದೊಳಗೆ ನಮಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಯಾರಿಗಾದರೂ ‘ಹೋಗು’ ಎಂದಾಗಲೆಲ್ಲ ಬೆನ್ನು ಜುಮ್ಮೆನ್ನುತ್ತದೆ.

ಈ ಬಿಸಿಲು ಯಾಂಚೋನ ಸ್ವಂತ ಆಯ್ಕೆ. ಚರಿತ್ರೆಯಲ್ಲಿ ಈ ವಿಚಾರಣೆಗಳು ನಡೆದದ್ದು ದಕ್ಷಿಣ ಹಂಗೇರಿಯ ಸೆಗೆಡ್ ಪಟ್ಟಣದ ಹಳೆಯ ಕೋಟೆಯಲ್ಲಿ. 1867ರಲ್ಲಿ ವಿಯೆನ್ನಾದ ಅರಮನೆಗೂ ಹಂಗೇರಿಯ ಶ್ರೀಮಂತ ವರ್ಗಕ್ಕೂ ರಾಜಿಯಾಯಿತು. ಆಸ್ಟ್ರಿಯದ ಚಕ್ರವರ್ತಿ ಫ್ರಾಂಜ್ ಜೋಸೆಫ್ ಹಂಗೇರಿಯ ದೊರೆಯಾಗಿ ಕಿರೀಟ ತೊಟ್ಟ, ಹಂಗೇರಿಗೆ ತನ್ನದೇ ಸರ್ಕಾರ ಬಂತು. ಹೊಸ ಸರ್ಕಾರಕ್ಕೆ ಬಯಲುಸೀಮೆಯ ದರೋಡೆ ದೊಡ್ಡ ತಲೆನೋವಾಗಿತ್ತು. ಅಲ್ಲಿ ಬೆತ್ಯಾರ್ ಎಂದು ಕರೆಸಿಕೊಳ್ಳುವ ಕುದುರೆಗಳ್ಳರ, ದಾರಿಗಳ್ಳರ ಗುಂಪುಗಳಿದ್ದವು. ಅವರಲ್ಲಿ ಹಲವರು ಆಸ್ಟ್ರಿಯದ ವಿರುದ್ಧದ 1848ರ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿ ಸೋತು, ಮತ್ತೆ ಊರು ಸೇರಲಾರದೆ ಬಯಲಿಗೆ ಬಿದ್ದವರು. ಅವರನ್ನು ಬಗ್ಗುಬಡಿಯಲು ಕೌಂಟ್ ಗೆದೆಯೋನ್ ರಾದಾಯಿ ಎಂಬ ಗಣ್ಯನನ್ನು ವಿಶೇಷ ಅಧಿಕಾರ ಕೊಟ್ಟು ಕಳುಹಿಸಲಾಯಿತು. ಕಳ್ಳರು, ಅವರಿಗೆ ಅನ್ನ ಹಾಕಿದವರು, ಕದ್ದ ಮಾಲು ಕೊಂಡವರು, ಕಂಡೂ ಕಾಣದಂತಿದ್ದವರು ಎಲ್ಲರನ್ನೂ ಅವನು ಗೋರಿಕೊಂಡು ಬಂದು ಕೋಟೆಗೆ ತುಂಬಿದ. 1879ರಲ್ಲಿ ಟಿಸಾ ನದಿಯ ಮಹಾಪೂರ ಸೆಗೆಡ್ ಪಟ್ಟಣವನ್ನು ಕೊಚ್ಚಿಕೊಂಡು ಹೋಯಿತು. ಊರನ್ನು ಮತ್ತೆ ಕಟ್ಟುವಾಗ ಆ ಕೋಟೆಯನ್ನೂ ಬಹುಪಾಲು ಕೆಡವಿಹಾಕಿದರು. ಯಾಂಚೋ ಬೇರೊಂದು ನೆಲಮಾಳಿಗೆ ಹುಡುಕಬಹುದಿತ್ತು, ಹುಡುಕಲಿಲ್ಲ. ಬಯಲಿನ ಮಧ್ಯೆ ಸೆಟ್ ಹಾಕಿಸಿದ. ಎಲ್ಲವೂ ಎಲ್ಲರಿಗೂ ಕಾಣಿಸುತ್ತಿರಬೇಕು, ಆದರೆ ಯಾರಿಗೂ ಏನೂ ಅರ್ಥವಾಗಬಾರದು. ಅವನಿಗೆ ಬೇಕಿದ್ದದ್ದು ಆ ಬಗೆಯ ಸೆರೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಈ ಜೈಲಿನ ಅಧಿಕಾರಿಗಳು ಪರದೇಶದವರಲ್ಲ. ಕರಿ ನಿಲುವಂಗಿ ತೊಟ್ಟ ಈ ವಿಚಾರಣಾಧಿಕಾರಿಗಳು ಮಾತಾಡುವುದು ಹಂಗೇರಿ ಭಾಷೆಯನ್ನೇ. ಸಾಮ್ರಾಜ್ಯದ ನೆರಳಿನಲ್ಲಿದ್ದರೂ ಕೆಲಸ ಮಾಡುತ್ತಿರುವವರು ಸ್ವದೇಶಿಗಳು, ಅದೂ ರಾಜಿಯ ನಂತರ, ಶಾಂತಿ ಸ್ಥಾಪನೆಯ ಹೆಸರಿನಲ್ಲಿ.

ಚಿತ್ರದ ಮೊದಲ ಭಾಗ ಗಾಯ್ದಾರ್ ಎಂಬ ಕೈದಿಯದು. ಯಾನೋಶ್ ಗೋರ್ಬೆ ಎಂಬ ನಟ ಈ ಪಾತ್ರ ಮಾಡಿದ್ದಾನೆ. ಬಿಸಿಲಿಗೆ ಸುಟ್ಟು ಸೀಳುಬಿಟ್ಟ ಮುಖ, ಸದಾ ಪಕ್ಕಕ್ಕೆ ಹೊರಳುವ ಕಣ್ಣು. ಗಾಯ್ದಾರ್ ಕೊಲೆಗಾರನೆಂದು ಸಾಬೀತಾಗುತ್ತದೆ. ಅವನಿಗೆ ಗಲ್ಲು ಖಚಿತ. ಆಗ ಅಧಿಕಾರಿಗಳು ಒಂದು ಅನುಕೂಲ ಮಾಡಿಕೊಡುತ್ತಾರೆ. ಇಲ್ಲಿರುವ ಕೈದಿಗಳಲ್ಲಿ ನಿನಗಿಂತ ಹೆಚ್ಚು ಕೊಲೆ ಮಾಡಿದವನನ್ನು ತೋರಿಸು, ನಿನ್ನ ಜೀವ ಉಳಿಯುತ್ತದೆ.

ಈ ಷರತ್ತಿನ ಕುಟಿಲತೆಯನ್ನು ನಾನು ಇನ್ನೂ ಮೆಲುಕು ಹಾಕುತ್ತಿದ್ದೇನೆ. ಅವನಿಗೆ ಯಾರೂ ಸುಳ್ಳು ಹೇಳು ಎನ್ನಲಿಲ್ಲ. ನಿರಪರಾಧಿಯನ್ನು ಹಿಡಿದುಕೊಡು ಎಂದೂ ಹೇಳಲಿಲ್ಲ. ಕೇಳಿದ್ದು ತನಗಿಂತ ದೊಡ್ಡ ಅಪರಾಧಿಯನ್ನು, ಅಂದರೆ ನ್ಯಾಯದ ಮಾತನ್ನೇ. ಗಾಯ್ದಾರ್ ಒಳಗೊಳಗೇ ತನಗೆ ತಾನು ಸಮಾಧಾನ ಹೇಳಿಕೊಳ್ಳಲು ಬೇಕಾದ ಪದಗಳನ್ನೆಲ್ಲ ಸರ್ಕಾರವೇ ಒದಗಿಸಿದೆ. ಅಲ್ಲಿಂದ ಅವನು ಅಂಗಳದಲ್ಲಿ ಓಡಾಡುತ್ತಾ ಮುಖಗಳನ್ನು ಹುಡುಕತೊಡಗುತ್ತಾನೆ. ಜೊತೆಗಾರರಿಗೆ ವಾಸನೆ ಹತ್ತುತ್ತದೆ, ದೂರ ಸರಿಯುತ್ತಾರೆ. ದಿನ ಕಳೆದಂತೆ ಅವನಿಗೆ ಅಧಿಕಾರಿಗಳಿಗಿಂತ ಕೈದಿಗಳ ಭಯವೇ ಹೆಚ್ಚಾಗಿ, ತನ್ನನ್ನು ಬೇರೆಯೇ ಕೂಡಿಹಾಕಿ ಎಂದು ಬೇಡಿಕೊಳ್ಳುವ ಸ್ಥಿತಿಗೆ ಬರುತ್ತಾನೆ. ಸೆರೆಯನ್ನೇ ರಕ್ಷಣೆಯೆಂದು ಕೈದಿ ಬೇಡುವಂತೆ ಮಾಡಿದ್ದು ಒಂದೇ ಒಂದು ಷರತ್ತು. ಆದರೂ ಒಂದು ಬೆಳಗ್ಗೆ ಅವನು ಕೋಣೆಯಲ್ಲಿ ಹೆಣವಾಗಿರುತ್ತಾನೆ. ಆ ರಾತ್ರಿ ಕೆಲವು ಕೋಣೆಗಳ ಬಾಗಿಲಿಗೆ ಬೀಗ ಹಾಕಿರಲಿಲ್ಲ ಎಂಬುದು ಆಮೇಲೆ ಗೊತ್ತಾಗುತ್ತದೆ. ಯಾವ ಕೋಣೆಗಳು? ಅವುಗಳಲ್ಲಿ ಯಾರಿದ್ದರು? ಅಧಿಕಾರಿಗಳಿಗೆ ಹೊಸ ಪಟ್ಟಿ ಸಿಕ್ಕಿತು.

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂದು ನಾವು ಸುಲಭವಾಗಿ ಹೇಳಿ ಮುಗಿಸುತ್ತೇವೆ. ಗಾದೆಯಲ್ಲಿ ಬೈಗುಳ ಕಾವಿಗೆ, ಕೊಡಲಿ ಹಿಡಿದ ಕೈಯ ಮಾತೇ ಇಲ್ಲ. ಯಾಂಚೋ ಆ ಕೈಯನ್ನು ನೋಡುತ್ತಾನೆ. ಅವನ ಅಧಿಕಾರಿಗಳು ಕಿರುಚುವುದಿಲ್ಲ, ಕೋಪಗೊಳ್ಳುವುದಿಲ್ಲ. ಬಾಗಿಲು ತೆಗೆಯುತ್ತಾರೆ, ಮುಚ್ಚುತ್ತಾರೆ, ಒಬ್ಬನನ್ನು ಕರೆದು ಇನ್ನೊಬ್ಬನನ್ನು ಕಳುಹಿಸುತ್ತಾರೆ. ಕೈದಿಗಳಿಗೆ ತಲೆಯ ಮೇಲಿಂದ ಚೀಲ ಹೊದಿಸಿ ವೃತ್ತಾಕಾರದಲ್ಲಿ ನಡೆಸುವ ದೃಶ್ಯವೊಂದಿದೆ. ಯಾರು ಯಾರೆಂದು ಅವರಿಗೇ ತಿಳಿಯದಂತೆ ಸುತ್ತುತ್ತಲೇ ಇರುತ್ತಾರೆ. ಈ ಶತಮಾನದ ಆರಂಭದಲ್ಲಿ ಇರಾಕಿನ ಜೈಲುಗಳಿಂದ ಹೊರಬಂದ ಛಾಯಾಚಿತ್ರಗಳನ್ನು ನೋಡಿದ ನಮ್ಮ ಪೀಳಿಗೆಗೆ ಆ ಚೀಲಗಳು ಬೇರೆಯದನ್ನೇ ಜ್ಞಾಪಿಸುತ್ತವೆ. ಆ ನೆನಪು ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಉಪಾಯ ಎರಡೂ ಕಡೆ ಒಂದೇ.

ಗಾಯ್ದಾರ್ ಸತ್ತ ಮೇಲೆ ಸರದಿ ಕಬಾಯಿ ಎಂಬ ತಂದೆ-ಮಗನಿಗೆ, ಟೋರ್ಮ ಎಂಬ ಮತ್ತೊಬ್ಬನಿಗೆ ಬರುತ್ತದೆ. ಇಲ್ಲಿಂದ ಮುಂದೆ ಚಿತ್ರದ ಹೆಣಿಗೆ ಇನ್ನಷ್ಟು ಬಿಗಿಯಾಗುತ್ತದೆ. ಯಾರು ಯಾರ ಬಗ್ಗೆ ಬಾಯಿಬಿಟ್ಟರು ಎಂದು ಮೊದಲ ಸಲ ನೋಡುವಾಗ ಹಿಡಿಯುವುದು ಕಷ್ಟ. ಅದರ ಬಗ್ಗೆ ನಾನು ತಲೆಕೆಡಿಸಿಕೊಳ್ಳಲಿಲ್ಲ, ಕೈದಿಗಳಿಗೂ ಹಿಡಿಯುತ್ತಿರಲಿಲ್ಲ. ಕೊನೆಗೆ ಬರುವುದು ಸೈನ್ಯ. ಕುದುರೆ ಸವಾರಿಯಲ್ಲಿ ಪಳಗಿದ ಕೈದಿಯೊಬ್ಬನ ಚಳಕ ನೋಡಿ ಮೆಚ್ಚಿಕೊಂಡು, ನಿನ್ನದೇ ಒಂದು ತುಕಡಿ ಕಟ್ಟು, ನಿನಗೆ ಬೇಕಾದವರನ್ನು ಆರಿಸಿಕೋ ಎನ್ನುತ್ತಾರೆ. ಅವನು ಯಾರನ್ನು ಆರಿಸುತ್ತಾನೆ? ಹಳೆಯ ದಂಡಿನ ನಂಬಿಕಸ್ಥರನ್ನು. ಹೊಡೆದು ಬಡಿದು ಹೊರಡಿಸಲಾಗದ ಹೆಸರುಗಳು ಮೆಚ್ಚುಗೆಗೆ ತಾವಾಗಿ ಹೊರಬಂದವು. ಆಮೇಲೆ ಆ ಕ್ಷಮಾದಾನದ ಪತ್ರ.

ಇಲ್ಲಿ ಒಂದು ಕ್ಷಣ ನಿಜವಾದ ರೋಜಾ ಶಾಂಡೋರ್‌ನ ಕಡೆಗೆ ಹೋಗಬೇಕು. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ಹಾಗಾಗಿ ರೋಜಾ ಎಂಬುದು ವಂಶದ ಹೆಸರು. 1813ರಲ್ಲಿ ಹುಟ್ಟಿದವನು. ದರೋಡೆ, ಕೊಲೆ, ಜನಪದ ಗೀತೆ ಮೂರರಲ್ಲೂ ಅವನ ಹೆಸರಿದೆ. 1848ರಲ್ಲಿ ಕ್ರಾಂತಿಯ ನಾಯಕ ಲಾಯೋಶ್ ಕೊಶೂತ್ ಅವನಿಗೆ ಕ್ಷಮಾದಾನ ಕೊಟ್ಟ. ಬದಲಿಗೆ ಅವನು ತನ್ನ ಕುದುರೆ ಸವಾರರನ್ನು ಕರೆತಂದು ದೇಶಕ್ಕಾಗಿ ಹೋರಾಡಬೇಕಿತ್ತು. ಹೋರಾಡಿದ, ಜೊತೆಗೆ ಲೂಟಿಯನ್ನೂ ಮಾಡಿದ, ತುಕಡಿ ವಿಸರ್ಜನೆಯಾಯಿತು. 1857ರಲ್ಲಿ ಸಿಕ್ಕಿಬಿದ್ದು ಸಾಮ್ರಾಜ್ಯದ ಸೆರೆಮನೆಗಳನ್ನು ಸುತ್ತಿದ. ರಾಜಿಯ ನಂತರ, 1868ರಲ್ಲಿ ಎರಡನೆಯ ಕ್ಷಮಾದಾನ ಸಿಕ್ಕಿತು. ಹೊರಬಂದವನು ಮತ್ತೆ ಹಳೆಯ ದಂಧೆಗೆ ಇಳಿದ, ರೈಲು ದರೋಡೆಗೂ ಕೈಹಾಕಿದ. 1869ರ ಆರಂಭದಲ್ಲಿ ರಾದಾಯಿಯ ಕೈಗೆ ಸಿಕ್ಕ. ಕಾಯಿದೆ ಕಾಯುವ ಹುದ್ದೆಯೊಂದರ ಆಸೆ ತೋರಿಸಿ ಅವನನ್ನು ಸೆಗೆಡ್ ಕೋಟೆಗೆ ಕರೆಸಿಕೊಂಡರು ಎಂಬ ಕಥೆ ಅಲ್ಲಿ ಪ್ರಚಲಿತ. ಗಲ್ಲು ಶಿಕ್ಷೆ ಜೀವಾವಧಿಗೆ ಇಳಿಯಿತು. 1878ರಲ್ಲಿ ಸಾಮೋಶ್‌ಉಯ್ವಾರ್ ಜೈಲಿನಲ್ಲಿ, ಅಂದರೆ ಇಂದಿನ ರೊಮೇನಿಯಾದ ಗೆರ್ಲಾದಲ್ಲಿ, ಸತ್ತ.

ಚಿತ್ರ ಈ ಕ್ರಮವನ್ನು ಪಾಲಿಸುವುದಿಲ್ಲ. ರಾದಾಯಿಯ ವಿಚಾರಣೆಯ ನಡುವೆ ಕ್ಷಮಾದಾನ ಬಂದಂತೆ ತೋರಿಸುತ್ತದೆ, ಶಾಂಡೋರ್ ತೆರೆಯ ಮೇಲೆ ಒಮ್ಮೆಯೂ ಬರುವುದಿಲ್ಲ. ಇತಿಹಾಸದ ಮೇಷ್ಟ್ರು ಇದಕ್ಕೆ ಅಂಕ ಕಳೆಯಬಹುದು. ನಾನು ಕಳೆಯಲಾರೆ. ಅವನ ಬದುಕಿನಲ್ಲಿ ಎರಡು ಸಲ ಬಂದುಹೋದ ಕ್ಷಮಾದಾನ ಏನೆಂಬುದನ್ನು ಯಾಂಚೋ ಚೆನ್ನಾಗಿ ಗ್ರಹಿಸಿದ್ದಾನೆ. ಅದು ಕರುಣೆಯಿಂದ ಹುಟ್ಟಿದ್ದಲ್ಲ. ಯಾರನ್ನು ಯಾವಾಗ ಹೊರಗೆ ಬಿಟ್ಟರೆ ಒಳಗಿರುವವರು ಒಡೆಯುತ್ತಾರೆ ಎಂಬ ಲೆಕ್ಕದಿಂದ ಹುಟ್ಟಿದ್ದು.

ಹಂಗೇರಿಯ ಪ್ರೇಕ್ಷಕರಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು ಎಂದು ನನ್ನ ಊಹೆ. 1849ರ ಆಗಸ್ಟ್‌ನಲ್ಲಿ ಅವರ ಸೇನಾಪತಿ ಅರ್ತೂರ್ ಗೋರ್ಗೆ ವಿಲಾಗೋಶ್ ಎಂಬಲ್ಲಿ, ಆಸ್ಟ್ರಿಯದ ನೆರವಿಗೆ ಬಂದಿದ್ದ ರಷ್ಯನ್ ಸೈನ್ಯಕ್ಕೆ ಶರಣಾದ. ರಷ್ಯದ ಜಾರ್‌ನ ಮಧ್ಯಸ್ಥಿಕೆಯಿಂದ ಗೋರ್ಗೆಯ ಜೀವ ಉಳಿಯಿತು, ಆಸ್ಟ್ರಿಯದ ಕ್ಲಾಗನ್‌ಫರ್ಟ್ ಪಟ್ಟಣದಲ್ಲಿ ಅವನನ್ನು ಇರಿಸಲಾಯಿತು. ಅದೇ ಅಕ್ಟೋಬರ್ 6ರಂದು ಅರಾದ್‌ನಲ್ಲಿ 13 ಸೇನಾನಿಗಳಿಗೆ ಮರಣದಂಡನೆಯಾಯಿತು. ನಾಯಕನಿಗೆ ಕ್ಷಮೆ, ಜೊತೆಗಿದ್ದವರಿಗೆ ಶಿಕ್ಷೆ. ಯಾಂಚೋನ ಕೊನೆಯ ದೃಶ್ಯದ ಎರಡು ವಾಕ್ಯಗಳು ಅಕ್ಷರಶಃ ಇವೇ. ಗೋರ್ಗೆ ಆಮೇಲೆ ಆರು ದಶಕಕ್ಕೂ ಹೆಚ್ಚು ಕಾಲ ದ್ರೋಹಿ ಎನ್ನಿಸಿಕೊಂಡೇ ಬದುಕಿ, 1916ರಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನು ದ್ರೋಹ ಮಾಡಿದ್ದನೋ ಇಲ್ಲವೋ, ಕ್ಷಮೆ ಅವನನ್ನು ದ್ರೋಹಿಯನ್ನಾಗಿ ಮಾಡಿತು. ಅರಾದ್‌ನಲ್ಲಿ ಹದಿನಾಲ್ಕನೆಯವನಾಗಿ ನೇಣಿಗೇರಿದ್ದರೆ ಇಂದು ಅವನ ಹೆಸರಿನಲ್ಲಿ ಊರಿಗೊಂದು ಬೀದಿ ಇರುತ್ತಿತ್ತು.

ಆದರೆ 1966ರಲ್ಲಿ ಸಿನಿಮಾ ಮಂದಿರದ ಕತ್ತಲಲ್ಲಿ ಕೂತವರಿಗೆ ನೆನಪಾದದ್ದು 1849 ಅಥವಾ 1869 ಮಾತ್ರವೇ ಅಲ್ಲ. ಹತ್ತೇ ವರ್ಷ ಹಿಂದೆ, 1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ದಂಗೆ ಎದ್ದಿತ್ತು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬಂದವು. ಪ್ರಧಾನಿ ಇಮ್ರೆ ನಾಜ್ ಯುಗೊಸ್ಲಾವಿಯದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದ. ಹೊಸ ನಾಯಕ ಯಾನೋಶ್ ಕಾದಾರ್, ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ, ಮನೆಗೆ ಹೋಗಬಹುದು ಎಂದು ಲಿಖಿತ ಭರವಸೆ ಕೊಟ್ಟ. ನವೆಂಬರ್ 22ರಂದು ನಾಜ್ ಮತ್ತು ಸಂಗಡಿಗರು ಹೊರಬಂದು ಬಸ್ ಹತ್ತಿದರು. ಬಸ್ ಅವರ ಮನೆಗಳ ಕಡೆ ಹೋಗಲಿಲ್ಲ. ಸೋವಿಯತ್ ಅಧಿಕಾರಿಗಳು ಅವರನ್ನು ಹಿಡಿದು ರೊಮೇನಿಯಾದ ಸ್ನಾಗೋವ್‌ಗೆ ಸಾಗಿಸಿದರು. ‘ನೀನು ಹೋಗಬಹುದು’ ಎಂಬ ಮಾತು ಕೇಳಿ ಬಯಲಿಗೆ ಹೆಜ್ಜೆ ಹಾಕಿದ ಆ ಮೊದಲ ಕೈದಿಯನ್ನು ಬುಡಾಪೆಸ್ಟ್‌ನ ಪ್ರೇಕ್ಷಕ ಹೇಗೆ ನೋಡಿರಬಹುದು!

ದಂಗೆಯ ನಂತರ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಲಾಯಿತು, ಸಾವಿರಾರು ಮಂದಿ ಜೈಲು ಸೇರಿದರು, ಸುಮಾರು 2 ಲಕ್ಷ ಜನ ದೇಶ ಬಿಟ್ಟರು. ಆಮೇಲೆ 1963ರ ಮಾರ್ಚ್‌ನಲ್ಲಿ ಕಾದಾರ್ ಸರ್ಕಾರ ಸಾರ್ವತ್ರಿಕ ಕ್ಷಮಾದಾನ ಘೋಷಿಸಿತು. ವಿಶ್ವಸಂಸ್ಥೆಯಲ್ಲಿ ಹಂಗೇರಿಯ ಪ್ರಶ್ನೆ ಪದೇ ಪದೇ ಏಳದಿರಲಿ ಎಂಬ ಚೌಕಾಸಿ ಅದರ ಹಿಂದಿತ್ತು. ಬಹುತೇಕ ರಾಜಕೀಯ ಕೈದಿಗಳು ಬಿಡುಗಡೆಯಾದರು. ಎಲ್ಲರೂ ಅಲ್ಲ. ದಂಗೆಯಲ್ಲಿ ಬಂದೂಕು ಹಿಡಿದು ಕೊಲೆಯ ಆರೋಪದಡಿ ಶಿಕ್ಷೆಗೊಳಗಾದವರು, ಅಂದರೆ ಹೆಚ್ಚಾಗಿ ಹೆಸರಿಲ್ಲದ ಕಾರ್ಮಿಕ ಹುಡುಗರು, ಒಳಗೇ ಉಳಿದರು. ಲೇಖಕರಿಗೆ, ಚಿಂತಕರಿಗೆ ಬಾಗಿಲು ತೆರೆಯಿತು, ಅವರ ಮಾತು ನಂಬಿ ಬೀದಿಗಿಳಿದವರಿಗೆ ತೆರೆಯಲಿಲ್ಲ. ಮೂರು ವರ್ಷ ಕಳೆಯುವುದರೊಳಗೆ ಅದೇ ದೇಶದಲ್ಲಿ, ಅದೇ ಸರ್ಕಾರದ ದುಡ್ಡಿನಲ್ಲಿ ಈ ಸಿನಿಮಾ ತೆರೆಗೆ ಬಂತು. ಹೇಗೆ ಬಂತು ಎಂಬುದು ನನಗೆ ಇಂದಿಗೂ ಆಶ್ಚರ್ಯ.

ಈ ಎಲ್ಲ ಚೌಕಾಸಿಗಳ ನಡುವೆ ಒಬ್ಬನ ನಡೆ ಬೇರೆಯಾಗಿತ್ತು. 1958ರ ಜೂನ್‌ನಲ್ಲಿ ಮುಚ್ಚಿದ ಬಾಗಿಲ ಹಿಂದೆ ನಡೆದ ವಿಚಾರಣೆಯಲ್ಲಿ ಇಮ್ರೆ ನಾಜ್‌ಗೆ ಮರಣದಂಡನೆ ವಿಧಿಸಿದಾಗ ಕ್ಷಮೆ ಬೇಡುವ ಅವಕಾಶವಿತ್ತು. ಆತ ಬೇಡಲಿಲ್ಲ, ಬೇಡುವುದಿಲ್ಲವೆಂದು ನ್ಯಾಯಾಲಯಕ್ಕೇ ಹೇಳಿದ. ಮರುದಿನ, ಜೂನ್ 16ರಂದು, ಗಲ್ಲಾಯಿತು. ನಾಜ್ ಹುಟ್ಟಾ ಧೀರನೇನಲ್ಲ. ಮಾಸ್ಕೋದಲ್ಲಿ ವರ್ಷಗಟ್ಟಲೆ ಇದ್ದು ಬಂದ, ಪಕ್ಷದ ಶಿಸ್ತಿಗೆ ಬಾಗಿ ನಡೆದ, ತುಂಬಾ ತಡವಾಗಿ ಜನರ ಕಡೆ ತಿರುಗಿದ ಕಮ್ಯುನಿಸ್ಟ್. ಆದರೆ ರಾಯಭಾರ ಕಚೇರಿಯ ಬಾಗಿಲಲ್ಲಿ ಒಮ್ಮೆ ಒಂದು ಭರವಸೆಯನ್ನು ನಂಬಿ ನೋಡಿದ್ದ. ಯಾಂಚೋನ ಕೈದಿಗಳಲ್ಲಿ ಯಾರೊಬ್ಬರೂ ಮಾಡದ ಕೆಲಸ ಇದು. ಕೊಡುತ್ತೇವೆ ಎಂದದ್ದನ್ನು ಬೇಡ ಎನ್ನುವುದು. ಚಿತ್ರದಲ್ಲಿ ಅಂಥ ಒಬ್ಬ ಯಾಕಿಲ್ಲ ಎಂದು ಕೇಳಿಕೊಂಡಿದ್ದೇನೆ. ಇದ್ದಿದ್ದರೆ ನಾವೆಲ್ಲ ಅವನ ಕಡೆ ನಿಂತು ಹಾಯಾಗಿ ಮನೆಗೆ ಹೋಗುತ್ತಿದ್ದೆವು. ಗಾಯ್ದಾರ್‌ನಲ್ಲಿ ನಮ್ಮನ್ನು ನೋಡಿಕೊಳ್ಳಬೇಕಾಗುತ್ತಿರಲಿಲ್ಲ.

ಕನ್ನಡದ ನೋಡುಗನಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಬಂಡುಕೋರರ ಕಥೆ ಎಂದಕೂಡಲೇ ನಮ್ಮ ಕಿವಿ ಲಾವಣಿಗೆ ಸಿದ್ಧವಾಗುತ್ತದೆ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿಯ ಬೇಡರನ್ನು ಬ್ರಿಟಿಷರು ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೆ ಹಾಕಿದರು. ಲಾವಣಿ ಹಾಡುವವರು ಹನುಮ, ಬಾಲ, ಜಡಗ, ರಾಮ ಎಂದು ಒಬ್ಬೊಬ್ಬರ ಹೆಸರು ಹಿಡಿದು ಅವರನ್ನು ಉಳಿಸಿಕೊಂಡರು. ಮರುವರ್ಷ ನವೆಂಬರ್ 1ರ ವಿಕ್ಟೋರಿಯಾ ರಾಣಿಯ ಘೋಷಣೆಯಲ್ಲೂ ಒಂದು ಕ್ಷಮಾದಾನವಿತ್ತು, ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಭಾಗಿಯಾದವರನ್ನು ಬಿಟ್ಟು. ಆ ವಾಕ್ಯರಚನೆ ನಮಗೂ ಹೊಸದಲ್ಲ. ಹಂಗೇರಿಯಲ್ಲೂ ರೋಜಾ ಶಾಂಡೋರ್‌ನ ಮೇಲೆ ಹಾಡುಗಳಿವೆ. ಯಾಂಚೋ ಆ ಹಾಡನ್ನು ಬೇಕೆಂದೇ ದೂರ ಇಡುತ್ತಾನೆ. ಇನ್ನೇನು ಶಾಂಡೋರ್ ಕುದುರೆಯೇರಿ ದಿಗಂತದಲ್ಲಿ ಕಾಣಿಸುತ್ತಾನೆ, ತನ್ನವರನ್ನು ಬಿಡಿಸುತ್ತಾನೆ ಎಂದು ಕಾಯುತ್ತಾ ಕೂತ ನನ್ನಂಥವರಿಗೆ ಅವನು ಬರುವುದು ಕಾಗದದ ಮೇಲಿನ ಹೆಸರಾಗಿ, ಅದೂ ಸರ್ಕಾರದ ಕಾಗದದ ಮೇಲೆ.

ಒಂದು ತಕರಾರೂ ಇದೆ. ಸೆರೆಯಲ್ಲಿರುವ ಗಂಡಸರನ್ನು ಒಡೆಯಲು ಒಬ್ಬ ಹೆಣ್ಣುಮಗಳನ್ನು ಹಿಡಿದು ತರುತ್ತಾರೆ. ಅವಳನ್ನು ಬೆತ್ತಲೆ ಮಾಡಿ, ಎರಡು ಸಾಲು ಸೈನಿಕರ ನಡುವೆ ಓಡಿಸಿ, ಸಾಯುವ ತನಕ ಬೆತ್ತದಿಂದ ಹೊಡೆಯುತ್ತಾರೆ. ಮಾಡಿನ ಮೇಲೆ ನಿಲ್ಲಿಸಿದ ಕೈದಿಗಳು ಅದನ್ನು ನೋಡಲೇಬೇಕು. ತಾಳಲಾರದೆ ಕೆಲವರು ಅಲ್ಲಿಂದ ಕೆಳಗೆ ಹಾರಿ ಪ್ರಾಣ ಬಿಡುತ್ತಾರೆ. ಅವರಲ್ಲಿ ಒಬ್ಬ ವೆಸೆಲ್ಕಾ, ಜೋಲ್ತಾನ್ ಲಾತಿನೋವಿಚ್ ಅಭಿನಯಿಸಿದ ಪಾತ್ರ. ಕ್ಯಾಮೆರಾ ದೂರ ನಿಂತಿದೆ, ಯಾವ ಚಪಲವೂ ಇಲ್ಲ ಎಂದು ವಿಮರ್ಶಕರು ಮೆಚ್ಚುತ್ತಾರೆ. ನಿಜ. ಆದರೂ ಆ ಹುಡುಗಿ ಯಾರು, ಏನು ಎಂಬುದಕ್ಕೆ ಚಿತ್ರ ಎರಡು ನಿಮಿಷವನ್ನೂ ಕೊಡುವುದಿಲ್ಲ. ಅಧಿಕಾರಿಗಳು ಅವಳನ್ನು ಗಂಡಸರ ಮೇಲೆ ಪ್ರಯೋಗಿಸುವ ಸಲಕರಣೆಯಾಗಿ ಬಳಸುತ್ತಾರೆ, ಚಿತ್ರವೂ ಅವಳನ್ನು ಬಳಸುವುದು ಹಾಗೆಯೇ. ಮುಂದಿನ ಚಿತ್ರಗಳಲ್ಲಿ ಬೆತ್ತಲೆ ಹೆಣ್ಣುಗಳು ಯಾಂಚೋಗೆ ಒಂದು ಚಾಳಿಯೇ ಆದದ್ದನ್ನು ನೋಡಿದರೆ ನನ್ನ ತಕರಾರು ಸುಮ್ಮನೆ ಹುಟ್ಟಿದ್ದಲ್ಲ ಎನ್ನಿಸುತ್ತದೆ. ಗಾಯ್ದಾರ್‌ನ ಒಳಗನ್ನು ಮುಖದ ಸ್ನಾಯುಗಳಲ್ಲೇ ತೋರಿಸಬಲ್ಲವನಿಗೆ ಅವಳ ಮುಖಕ್ಕೆ ಸಮಯವಿರಲಿಲ್ಲ ಎಂಬುದನ್ನು ನಾನು ಶೈಲಿ ಎಂದು ಒಪ್ಪಲಾರೆ.

ಯಾಂಚೋನ ಬದುಕಿನ ವಿವರಗಳು ಈ ಚಿತ್ರದ ಪಕ್ಕದಲ್ಲಿಟ್ಟು ನೋಡುವಂಥವು. 1921ರಲ್ಲಿ ವಾತ್ಸ್ ಪಟ್ಟಣದಲ್ಲಿ ಹುಟ್ಟಿ, ಕಾನೂನು ಓದಿ, ಎರಡನೆಯ ಮಹಾಯುದ್ಧದ ಕೊನೆಗೆ ಸ್ವಲ್ಪ ಕಾಲ ಸೋವಿಯತ್ ಸೈನ್ಯದ ಯುದ್ಧಕೈದಿಯಾಗಿದ್ದವನು. ಆಮೇಲೆ ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿ, 1950ರ ದಶಕದಲ್ಲಿ ಸರ್ಕಾರದ ವಾರ್ತಾಚಿತ್ರಗಳನ್ನು ತೆಗೆದ. ಮೇ ದಿನದ ಮೆರವಣಿಗೆ, ಸುಗ್ಗಿ, ಕೈಬೀಸುವ ನಾಯಕರು. ಜನರನ್ನು ಸಾಲಾಗಿ ನಿಲ್ಲಿಸುವುದು, ನಡೆಸುವುದು, ಜೈಕಾರ ಹಾಕಿಸುವುದು ಹೇಗೆಂದು ಅವನಿಗೆ ಕ್ಯಾಮೆರಾದ ಹಿಂದಿನಿಂದಲೇ ಗೊತ್ತಿತ್ತು. ಈ ಚಿತ್ರದ ಕವಾಯತುಗಳಲ್ಲಿ ಆ ಅನುಭವ ಮೈಬಿಚ್ಚಿಕೊಂಡಿದೆ. ಮುಂದೆ ಅವನು ಹೆಸರಾದದ್ದು ಉದ್ದುದ್ದ ಶಾಟ್‌ಗಳಿಗಾಗಿ. 1972ರಲ್ಲಿ ಕಾನ್ ಉತ್ಸವದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದುಕೊಟ್ಟ ಚಿತ್ರದಲ್ಲಿ ಮೂವತ್ತು ಶಾಟ್‌ಗಳೂ ಇಲ್ಲ. ನನಗೆ ಮಾತ್ರ ಆ ಪ್ರಸಿದ್ಧಿಗೆ ಮುಂಚಿನ ಈ ಚಿತ್ರವೇ ಹೆಚ್ಚು ಗಟ್ಟಿ. ಇಲ್ಲಿ ಕ್ಯಾಮೆರಾ ತನ್ನ ಚಾತುರ್ಯ ಮೆರೆಸುವುದಿಲ್ಲ, ಕಾವಲುಗಾರನ ಹಾಗೆ ಸುಮ್ಮನೆ ನೋಡುತ್ತಾ ನಿಂತಿದೆ.

1966ರಲ್ಲಿ ಚಿತ್ರ ಕಾನ್ ಉತ್ಸವಕ್ಕೆ ಹೋಯಿತು. ಹೋಗುವ ಮುಂಚೆ ಯಾಂಚೋ ಒಂದು ಹೇಳಿಕೆ ಕೊಡಬೇಕಾಯಿತು: ಈ ಚಿತ್ರಕ್ಕೂ ಹಂಗೇರಿಯ ಇತ್ತೀಚಿನ ಘಟನೆಗಳಿಗೂ ಯಾವ ಸಂಬಂಧವೂ ಇಲ್ಲ. ಕೊಟ್ಟ. ದೇಶದಲ್ಲಿ ಅದನ್ನು ನಂಬಿದವರಿಲ್ಲ, ಕೇಳಿಸಿಕೊಂಡ ಅಧಿಕಾರಿಗಳೂ ನಂಬಿರಲಾರರು. ಈ ಪ್ರಸಂಗವನ್ನು ಎಲ್ಲರೂ ಸೆನ್ಸಾರ್‌ಗೆ ಮಣ್ಣೆರಚಿದ ಜಾಣತನವೆಂದು ನಗುತ್ತಾ ಹೇಳುತ್ತಾರೆ. ನನಗೆ ಅಷ್ಟು ನಗು ಬರುವುದಿಲ್ಲ. ಒಂದು ಮಾತು ಹೇಳು, ನಿನ್ನ ಚಿತ್ರವನ್ನು ಬಿಡುತ್ತೇವೆ. ಇದೂ ಒಂದು ಷರತ್ತೇ, ಮತ್ತು ಅದನ್ನು ಒಪ್ಪಿಕೊಂಡದ್ದರಿಂದಲೇ ನಾವು ಇಂದು ಆ ಚಿತ್ರ ನೋಡುತ್ತಿದ್ದೇವೆ. ಯಾಂಚೋ ಗಾಯ್ದಾರ್ ಅಲ್ಲ, ಅವನ ಮಾತಿನಿಂದ ಯಾರ ಕುತ್ತಿಗೆಗೂ ಹಗ್ಗ ಬೀಳಲಿಲ್ಲ. ಆದರೆ ಗಾಯ್ದಾರ್‌ನನ್ನು ಅಷ್ಟು ಹತ್ತಿರದಿಂದ, ಅಷ್ಟು ತಿರಸ್ಕಾರವಿಲ್ಲದೆ ಚಿತ್ರಿಸಿದ್ದು, ಚೌಕಾಸಿಯ ಮೇಜಿನ ಎದುರು ಕೂತು ಎದ್ದು ಬಂದವನಿಗೆ ಮಾತ್ರ ಸಾಧ್ಯವಿತ್ತೇನೋ.

ಹಳೆಯ ಪ್ರತಿಯನ್ನು ಇತ್ತೀಚೆಗೆ ಹಂಗೇರಿಯಲ್ಲಿ ಚೊಕ್ಕಟವಾಗಿ ಪುನರುಜ್ಜೀವನಗೊಳಿಸಿದ್ದಾರೆ. ಸಿಕ್ಕರೆ ಅದನ್ನೇ ನೋಡಿ, ಮೊಬೈಲ್‌ನಲ್ಲಿ ಬೇಡ. ಆ ಅಗಲ ಪರದೆಯ ಅಂಚುಗಳಲ್ಲಿಯೇ ಕಾವಲುಗಾರರು ಓಡಾಡುತ್ತಿರುತ್ತಾರೆ. ಸಾಧ್ಯವಾದರೆ ಯಾಂಚೋ ಇದಕ್ಕೂ ಮುಂಚೆ ಮಾಡಿದ ‘ಈಜ್ ಯೋತ್ತೆಮ್’ ಚಿತ್ರವನ್ನು ಮೊದಲು ನೋಡಿಕೊಳ್ಳಿ. ಯುದ್ಧ ಮುಗಿಯುವ ಹೊತ್ತಿನಲ್ಲಿ ಸೋವಿಯತ್ ಸೈನಿಕರ ಕೈಗೆ ಸಿಕ್ಕಿ, ಬಿಡುಗಡೆಯಾಗಿ, ಮತ್ತೆ ಸಿಕ್ಕಿಬೀಳುವ ಹಂಗೇರಿಯ ಹುಡುಗನೊಬ್ಬನ ಕಥೆ ಅದು. ಆ ಹುಡುಗ ಆಂದ್ರಾಶ್ ಕೊಜಾಕ್ ಎಂಬ ನಟ, ಇಲ್ಲಿ ಅವನೇ ಕಬಾಯಿಯ ಮಗ. ಆ ಚಿತ್ರದಲ್ಲಿ ಅವನಿಗೂ ಕಾವಲುಗಾರನಾದ ರಷ್ಯನ್ ಹುಡುಗನಿಗೂ ನಡುವೆ ಒಂದು ಭಾಷೆಯೂ ಇಲ್ಲ, ಆದರೂ ಗೆಳೆತನ ಬೆಳೆಯುತ್ತದೆ, ಜೊತೆಯಾಗಿ ಹಸು ಮೇಯಿಸುತ್ತಾರೆ. ಈ ಚಿತ್ರದಲ್ಲಿ ಕೈದಿಗೂ ಅಧಿಕಾರಿಗೂ ಒಂದೇ ಭಾಷೆ, ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುತ್ತದೆ.